ಬೇಲ್ ಆಗಿ 41 ದಿನ ಆದ್ರೂ ಒಳಗ: ಜೈಲು ತುಂಬಿದ್ದು ಯಾರಿಂದ ಹೇಳ್ರಿ

ಪರಸಿಕಲ್ಲು_ಚಿತ್ತಾಪುರ:
ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಅದ, ಓದ್ರಿ. ನಮ್ಮ ದೊಡ್ಡಪ್ಪನ ಮಗ ಪರಸಿ ಕಲ್ಲಿನ ಪಾಲಿಶ್ ಮಷಿನ್ ಮ್ಯಾಲ ಕೆಲಸ ಮಾಡ್ತಿದ್ದ, ಹೊಲದ ಬದುವಿನ ಸಲುವಾಗಿ ಜಗಳ ಆಗಿ ಹೊಡದಾಟ ಆಗಿ ಕೇಸ್ ಆಯ್ತು, ಒಳಗ ಹೋದ. ಹನ್ನೆರಡನೇ ದಿನಕ್ಕ ಬೇಲ್ ಸಿಕ್ತು. ಸಂಜಿಗಿ ಬಂದೇ ಬರ್ತಾನ ಅಂತ ನಮ್ಮ ದೊಡ್ಡವ್ವ ಹೋಳಿಗಿಗಿ ಬ್ಯಾಳಿ ನೆನಸಿಟ್ಟಿದ್ಲು. ಅವ ಮನಿಗಿ ಬಂದಿದ್ದು ಅಲ್ಲಿಂದ 41 ದಿನಕ್ಕ.

ಆರ್ಡರಿನಾಗ ಏನಿತ್ತಂದ್ರ 50 ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕ ಒಬ್ಬ ಜಾಮೀನುದಾರ. ಜಾಮೀನುದಾರ ಅಂದ್ರ ಪಹಣಿ ಬೇಕು. ನಮ್ಮ ಮನಿತನಕ್ಕ ನಾಕೆಕರೆ ಅದ ಖರೇ, ಪಹಣಿ ಇನ್ನಾ ಮುತ್ಯಾನ ಹೆಸರಿನಾಗೇ ಅದ. ಸತ್ತವ ಎದ್ದು ಬಂದು ಕೋರ್ಟಿನಾಗ ಸಹಿ ಮಾಡಂಗಿಲ್ಲಲ್ರಿ. ಊರಾಗ ಪಹಣಿ ಇದ್ದವ್ರ ಬಾಗಿಲಿಗಿ ಹೋದ್ರ ಚಹಾ ಕೊಡ್ತಾರ, ಮಾತಾಡಸ್ತಾರ, ಕಡೀಗಿ "ಅವ ನಾಳಿ ಪೂನಾಕ್ಕ ದುಡಿಲಾಕ ಹೋಗಿ ತಾರೀಖಿಗಿ ಬರಲಿಲ್ಲಂದ್ರ ನನ್ನ ಹೊಲದ ಗತಿ ಏನು" ಅಂತಾರ. ಅವರದೂ ತಪ್ಪಿಲ್ಲ ಬಿಡ್ರಿ. ಕೋರ್ಟಿನ ಹೊರಗ ಚಹಾದಂಗಡಿ ಹತ್ರ ಒಬ್ಬ ಬಂದು ಎಂಟು ಸಾವಿರ ಕೊಡ್ರಿ ನಾ ನಿಲ್ತೀನಿ ಅಂದ, ಹೆದರಿ ಬ್ಯಾಡ ಅಂದ್ವಿ. ಕಡೀಗಿ ಜೇವರ್ಗಿ ಕಡೆ ನಮ್ಮ ಅಕ್ಕನ ಮಾವನ ತಮ್ಮ ಬಂದು ನಿಂತ.

ಮುಲಾಖಾತಿಗಿ ಹೋದಾಗ ತಮ್ಮ ಒಂದು ಮಾತು ಹೇಳಿದ, ಅದು ತಲಿಯಾಗೇ ಕುಂತದ. "ಅಣ್ಣಾ, ನನ್ನ ಬ್ಯಾರಕ್‌ನಾಗ ಸಜಾ ಆದವ್ರು ಒಬ್ರೂ ಇಲ್ಲ, ಎಲ್ಲಾರೂ ತಾರೀಖಿನವ್ರೇ." ಎಲ್ಲಾ ಕಡೆ ಹಿಂಗೇ ಅದನ್ರಿ? ಜೈಲು ತುಂಬ್ಯಾವ ತುಂಬ್ಯಾವ ಅಂತ ಪೇಪರಿನಾಗ ಬರ್ತದ, ಅಪರಾಧ ಹೆಚ್ಚಾಗಿ ತುಂಬ್ಯಾವೋ ಮತ್ತೇನೋ? ಗೊತ್ತಿದ್ದವ್ರು ಹೇಳ್ರಿ.

ಯಾದಗಿರಿ_ಕೆಪಿಎಸ್‌ಸಿ:
ಅಣ್ಣಾ, ನಿಮ್ಮ ತಮ್ಮ ಹೇಳಿದ್ದು ಇಡೀ ದೇಶದ ಲೆಕ್ಕಾನೇ. ನಾ ಪರೀಕ್ಷೆ ಸಲುವಾಗಿ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಜೈಲು ಅಂಕಿಅಂಶ ನೋಟ್ಸ್ ಮಾಡ್ಕೊಂಡೀನಿ, ಅವರು ಪ್ರತಿ ವರ್ಷ ಡಿಸೆಂಬರ್ 31ಕ್ಕ ಒಳಗ ಎಷ್ಟು ಮಂದಿ ಇದ್ರು ಅಂತ ಎಣಸ್ತಾರ.

2011ದಾಗ ದೇಶದ ಎಲ್ಲಾ ಜೈಲು ಸೇರಿ 3,72,926 ಮಂದಿ. 2022ದಾಗ 5,73,220. ಅಂದ್ರ ಎರಡು ಲಕ್ಷ ಹೆಚ್ಚು. ಈಗ ಅದನ್ನ ಒಡದು ನೋಡ್ರಿ. ಶಿಕ್ಷೆ ಆದವ್ರು 1,28,592 ಇದ್ದಿದ್ದು 1,33,415 ಆಗ್ಯಾರ, ಐದು ಸಾವಿರಾನೂ ಹೆಚ್ಚಾಗಿಲ್ಲ. ವಿಚಾರಣಾಧೀನರು 2,41,200 ಇದ್ದಿದ್ದು 4,34,302. ಅಂದ್ರ ಹೆಚ್ಚಾದ ಎರಡು ಲಕ್ಷದಾಗ 1 ಲಕ್ಷ 93 ಸಾವಿರ ಮಂದಿ ಬರೀ ಕೇಸ್ ಮುಗೀಲಿ ಅಂತ ಕುಂತವ್ರು. ಜೈಲು ತುಂಬಿದ್ದು ಶಿಕ್ಷೆಯಿಂದ ಅಲ್ಲ, ಕಾಯೋದ್ರಿಂದ.

ಕಿರಾಣಿ_ಅಂಗಡಿ_ಗಂಜ್:
ಎಲ್ಲಾರೂ ಕಣ್ಣೀರ ಹಾಕ್ರಿ. ನಮ್ಮ ಅಂಗಡಿ ಶಟರ್ ಮುರದು ಗಲ್ಲಾ ಹೊಡದವ ನಾಕು ದಿನಕ್ಕ ಹೊರಗ ಬಂದು ನಮ್ಮ ಅಂಗಡಿ ಮುಂದೇ ಬೈಕ್ ಮ್ಯಾಲ ಹಾದು ಹೋಗ್ತಿದ್ದ. ಕೇಸ್ ನಾಕು ವರ್ಷ ಆಯ್ತು ಇನ್ನಾ ಸಾಕ್ಷಿ ಹಂತಕ್ಕ ಬಂದಿಲ್ಲ. ನಾ ಎಷ್ಟು ಸಲ ಅಂಗಡಿ ಮುಚ್ಚಿ ಹೋಗೀನಿ ಲೆಕ್ಕ ಇಲ್ಲ, ಹೋದಾಗೊಮ್ಮಿ ಇವತ್ತಿಲ್ಲ ಹೋಗ್ರಿ ಅಂತಾರ. ಕಳ್ಳರ ಸಲುವಾಗಿ ಥ್ರೆಡ್ ಮಾಡೋರು ಕಳಕೊಂಡವ್ರ ಸಲುವಾಗಿನೂ ಒಂದು ಮಾಡ್ರಪಾ.

ಪರಸಿಕಲ್ಲು_ಚಿತ್ತಾಪುರ:
ಸೇಠರ, ನಿಮ್ಮ ಸಿಟ್ಟು ಖರೇ ಅದ. ಆದ್ರ ನೋಡ್ರಿ, ನೀವೂ ಸಾಕ್ಷಿ ಹೇಳ್ಲಾಕ ಕಾಯ್ಲಕತ್ತೀರಿ, ನನ್ನ ತಮ್ಮನೂ ಕಾಯ್ತಿದ್ದ. ಇಬ್ಬರದೂ ಅದೇ ಕೋರ್ಟ್ ಕಟ್ಟಿ.

ಕಿರಾಣಿ_ಅಂಗಡಿ_ಗಂಜ್:
ಮಾತಿನಾಗ ಗೆಲ್ಲಬ್ಯಾಡ್ರಿ. ಆದ್ರ ಹೂಂ.

ನಿವೃತ್ತ_ಖಾಕಿ:
ನಾ ಜೈಲು ಇಲಾಖೆದಾಗ ಮೂವತ್ತು ವರ್ಷದ ಮ್ಯಾಲ ವಾರ್ಡರ್ ಆಗಿ ದುಡದವ, ಯಾವ ಊರಾಗ ಅಂತ ಹೇಳಂಗಿಲ್ಲ. ಸೇರಿದಾಗ ಕಲಬುರಗಿ ಇನ್ನಾ ಗುಲಬರ್ಗಾ ಇತ್ತು ಅಂತಷ್ಟೇ ತಿಳ್ಕೊಳ್ರಿ.

ಒಳಗಿನ ಮಾತು ಒಂದು ಹೇಳ್ತೀನಿ, ಹೊರಗಿನವ್ರಿಗಿ ತಿಳಿಯಂಗಿಲ್ಲ. ಸಂಜಿಗಿ ಎಣಿಕೆ ಮುಗಿಸಿ ಬೀಗ ಹಾಕಿದ ಮ್ಯಾಲ ಬ್ಯಾರಕ್‌ನಾಗ ಜಾಗದ ಜಗಳ ಶುರು ಆಗ್ತದ. ಬೇಸಿಗ್ಯಾಗ ನಮ್ಮ ಕಡೆ ಬಿಸಿಲು ನಿಮಗ ಗೊತ್ತೇ ಅದ, ಗ್ವಾಡಿ ರಾತ್ರಿ ಹನ್ನೆರಡಾದ್ರೂ ಕಾದೇ ಇರ್ತದ, ಫ್ಯಾನ್ ಕೆಳಗಿನ ಜಾಗ ಹಳಬರದು, ಹೊಸದಾಗಿ ಬಂದವನದು ಪಾಯಖಾನಿ ಬಾಗಿಲ ಹತ್ರ. ಅಲ್ಲಿ ಮಲಕ್ಕೊಂಡವನ ಕಾಲ ತುಳದೇ ಎಲ್ಲಾರೂ ಹೋಗಬೇಕು. ಹತ್ತು ಮಂದಿ ಮಲಗೋದ್ರಾಗ ಹದಿನಾರು ಮಂದಿ ಮಲಗಿದ್ದು ನಾ ಟಾರ್ಚ್ ಹಾಕಿ ಎಣಸೀನಿ. ಒಬ್ಬ ಮಗ್ಗಲ ತಿರುಗಿದ್ರ ಸಾಲಿಗಿ ಸಾಲೇ ತಿರುಗಬೇಕು.

ಇನ್ನೊಂದು. ಸಜಾ ಆದವ್ನಿಗಿ ಕೆಲಸ ಅದ, ಕೂಲಿ ಅದ, ಛಲೋ ನಡಕೊಂಡ್ರ ಮಾಫಿ ದಿನ ಸಿಗ್ತಾವ, ಪೆರೋಲ್ ಸಿಗ್ತದ, ಬಿಡುಗಡೆ ತಾರೀಖು ಗ್ವಾಡಿ ಮ್ಯಾಲ ಬರಕೊಂಡು ಒಂದೊಂದೇ ಗೀಟು ಹೊಡೀತಿರ್ತಾನ. ವಿಚಾರಣಾಧೀನನಿಗಿ ಇದ್ಯಾವುದೂ ಇಲ್ಲ. ಅವನಿಗಿ ಗೀಟು ಹೊಡಿಲಾಕ ತಾರೀಖೇ ಇಲ್ಲ. ಸಜಾ ಆದವ್ರು ಸಮಾಧಾನಲೇ ಇರ್ತಾರ, ಕಾಯೋರೇ ತಲಿ ಕೆಡಿಸ್ಕೊಂಡು ಬಡದಾಡೋದು. ಕೋರ್ಟಿಗಿ ಕರಕೊಂಡು ಹೋಗ್ಲಾಕ ಎಸ್ಕಾರ್ಟ್ ಪೊಲೀಸ್ ಬರಲಿಲ್ಲಂದ್ರ ಆ ತಾರೀಖು ಹೋಯ್ತು, ಮುಂದಿನದು ತಿಂಗಳಿಗಿ. ಈಗ ವಿಡಿಯೋದಾಗ ಹಾಜರು ಮಾಡ್ತಾರ, ಅಷ್ಟು ಸುಧಾರಿಸ್ಯದ. ಆದ್ರ ವಿಡಿಯೋದಾಗ ಹಾಜರಿ ಆಗ್ತದ, ವಕೀಲನ ಸಂಗಡ ನಾಕು ಮಾತಾಡ್ಲಿಕ್ಕ ಆಗಂಗಿಲ್ಲ. ಮೊದಲು ಕೋರ್ಟ್ ವರಾಂಡದಾಗ ಹೆಂಡ್ತಿ ಮಕ್ಕಳ ಮುಖ ನೋಡ್ತಿದ್ದ, ಅದೂ ಹೋಯ್ತು.

ಜಯನಗರ_4ನೇ_ಬ್ಲಾಕ್:
ಇಂಟರೆಸ್ಟಿಂಗ್ ಥ್ರೆಡ್. ನಾನು ಬೆಂಗಳೂರಿನವನು, ಒಂದು ಡೌಟು. ಜಾಗ ಸಾಲ್ತಿಲ್ಲ ಅಂದ್ರೆ ಇನ್ನಷ್ಟು ಜೈಲು ಕಟ್ಟಿದ್ರೆ ಆಯ್ತಲ್ವಾ? ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋಬೇಕು?

ಯಾದಗಿರಿ_ಕೆಪಿಎಸ್‌ಸಿ:
ಕಟ್ಟಿ ನೋಡ್ಯಾರ ಸರ. 2001ದಾಗ 100 ಮಂದಿ ಇರೋ ಜಾಗದಾಗ 136 ಮಂದಿ ಇದ್ರು, ಕಟ್ಟಿ ಕಟ್ಟಿ 2011ಕ್ಕ ಅದು 112ಕ್ಕ ಇಳೀತು. ಅಷ್ಟೊತ್ತಿಗಿ ಮಂದಿ ಕಡಿಮಿ ಆಗಿದ್ರನು? ಇಲ್ಲ, 3.13 ಲಕ್ಷ ಇದ್ದವ್ರು 3.72 ಲಕ್ಷ ಆಗಿದ್ರು, ಬ್ಯಾರಕ್ ಹೆಚ್ಚಾಗಿದ್ವು ಅಷ್ಟೇ. ಮತ್ತ 2019ಕ್ಕ 118, 2021ಕ್ಕ 130, 2022ಕ್ಕ 131. ಹಗೇವು ದೊಡ್ಡದು ಮಾಡಿದಂಗ ಜ್ವಾಳ ತುಂಬ್ತಾನೇ ಹೋದಂಗ ಆಯ್ತು.

ಕೊರೋನಾ ವರ್ಷದ್ದು ನೋಡಿದ್ರ ಇನ್ನಾ ಮಜಾ ಅದ, ಮಜಾ ಅನ್ನಬಾರದು, ಆದ್ರೂ. ಮಾರ್ಚ್ 2020ದಾಗ ಸುಪ್ರೀಂ ಕೋರ್ಟೇ ಎಲ್ಲಾ ರಾಜ್ಯಕ್ಕ ಕಮಿಟಿ ಮಾಡ್ರಿ, ಏಳು ವರ್ಷದೊಳಗಿನ ಕೇಸಿನವ್ರನ್ನ ಮಧ್ಯಂತರ ಬೇಲ್, ಪೆರೋಲ್ ಮ್ಯಾಲ ಬಿಡೋದು ನೋಡ್ರಿ ಅಂತ ಹೇಳ್ತು. ಬಿಟ್ರು ಖರೇ. ಆದ್ರ ವರ್ಷದ ಕಡೀಗಿ ಎಣಿಸಿದ್ರ 2019ರ 4,78,600 ಹೋಗಿ 4,88,511 ಆಗಿತ್ತು. ಶಿಕ್ಷೆ ಆದವ್ರು 1,44,125ರಿಂದ 1,12,589ಕ್ಕ ಇಳದ್ರು, ವಿಚಾರಣಾಧೀನರು 3,30,487ರಿಂದ 3,71,848ಕ್ಕ ಏರಿದ್ರು. ಕೋರ್ಟ್ ಬಂದ್, ಪೊಲೀಸ್ ಠಾಣಾ ಚಾಲೂ. ಒಳಗ ಬರೋ ಬಾಗಿಲು ತೆರದದ, ಕೇಸ್ ಮುಗಿಸೋ ಬಾಗಿಲಿಗಿ ಬೀಗ.

ಚಿಕಾಗೋ_ಆಳಂದ:
ನಾ ಆಳಂದ ತಾಲೂಕಿನವ, ಹದಿನಾಲ್ಕು ವರ್ಷದಿಂದ ಇಲ್ಲೇ ಇಲಿನಾಯ್‌ದಾಗ ಇದೀನಿ. ಅಮೆರಿಕಾದ್ದು ಹೇಳ್ತೀನಿ ಕೇಳ್ರಿ, ಅದು ಪೂರಾ ಬ್ಯಾರೆ ರೋಗ.

ಇಲ್ಲಿ ಜೈಲ್ ಬ್ಯಾರೆ ಪ್ರಿಸನ್ ಬ್ಯಾರೆ. ಜೈಲ್ ಅಂದ್ರ ಕೌಂಟಿದು, ಅಂದ್ರ ನಮ್ಮ ಜಿಲ್ಲಾ ಇದ್ದಂಗ, ಶೆರಿಫ್ ನಡಸ್ತಾನ, ವಿಚಾರಣೆಗಿ ಕಾಯೋರು ಮತ್ತ ವರ್ಷದೊಳಗಿನ ಸಣ್ಣ ಶಿಕ್ಷೆಯವ್ರು ಅಲ್ಲಿರ್ತಾರ. ಪ್ರಿಸನ್ ಅಂದ್ರ ರಾಜ್ಯದ್ದು ಇಲ್ಲಾ ಕೇಂದ್ರದ್ದು, ದೊಡ್ಡ ಶಿಕ್ಷೆಯವ್ರಿಗಿ. 1980ದಾಗ ಪ್ರಿಸನ್‌ನಾಗ 3.3 ಲಕ್ಷದ ಆಸುಪಾಸು ಮಂದಿ, 2009ಕ್ಕ 16 ಲಕ್ಷ ದಾಟ್ತು. ನಮ್ಮಲ್ಲಿ ಕಾಯೋರು ಹೆಚ್ಚಾದ್ರು ಅಂದ್ರಲ್ಲ, ಇಲ್ಲಿ ಶಿಕ್ಷೇನೇ ಉದ್ದ ಆಯ್ತು. ಡ್ರಗ್ಸ್ ವಿರುದ್ಧ ಯುದ್ಧ ಅಂತ ಶುರು ಮಾಡಿ 1986ದಾಗ ಕಡ್ಡಾಯ ಕನಿಷ್ಠ ಶಿಕ್ಷೆಯ ಕಾನೂನು ತಂದ್ರು, ಜಡ್ಜಿಗಿ ಕಡಿಮಿ ಕೊಡ್ಲಾಕ ಅಧಿಕಾರಾನೇ ಇಲ್ಲ. ಅದರಾಗ ಕ್ರ್ಯಾಕ್ ಅನ್ನೋ ಅಗ್ಗದ ಕೊಕೇನ್ 5 ಗ್ರಾಂ ಸಿಕ್ರೂ, ಪುಡಿ ಕೊಕೇನ್ 500 ಗ್ರಾಂ ಸಿಕ್ರೂ ಒಂದೇ ಐದು ವರ್ಷ. ಕ್ರ್ಯಾಕ್ ಕೇಸಿನಾಗ ಒಳಗ ಹೋದವ್ರು ಹೆಚ್ಚಿನವ್ರು ಕರಿಯರು. 2010ದಾಗ ಆ 100ಕ್ಕ 1 ಇದ್ದದ್ದನ್ನ 18ಕ್ಕ 1 ಮಾಡಿದ್ರು, 2018ದಾಗ ಇನ್ನೊಂದು ಕಾನೂನು ತಂದು ಹಳೆ ಕೈದಿಗಳಿಗೂ ಅದರ ಲಾಭ ಸಿಗೋ ಹಂಗ ಮಾಡಿದ್ರು. ಕ್ಯಾಲಿಫೋರ್ನಿಯಾದಾಗ ಅಂತೂ 100 ಮಂದಿ ಜಾಗದಾಗ 200ರ ಹತ್ರ ತುಂಬಿದ್ರು, 2011ದಾಗ ಸುಪ್ರೀಂ ಕೋರ್ಟೇ ಇಳಿಸ್ರಿ ಅಂತ ಆರ್ಡರ್ ಎತ್ತಿಹಿಡೀತು.

2009ರ ಮ್ಯಾಲ ಇಡೀ ದೇಶದ ಪ್ರಿಸನ್ ಲೆಕ್ಕ ನಿಧಾನ ಇಳೀತು, 2021ಕ್ಕ 12 ಲಕ್ಷ. ಆಮ್ಯಾಲ 2022, 2023ದಾಗ ಮತ್ತ ಸ್ವಲ್ಪ ಏರ್ತು.

ಕೊರೋನಾದ್ದು ಯಾದಗಿರಿ ತಮ್ಮ ಹೇಳಿದನಲ್ಲ, ಇಲ್ಲಿ ಉಲ್ಟಾ ಆಯ್ತು. 2019ರ ನಡುವ ಕೌಂಟಿ ಜೈಲಿನಾಗ 7.3 ಲಕ್ಷ ಇದ್ದವ್ರು ಒಂದೇ ವರ್ಷಕ್ಕ 5.5 ಲಕ್ಷಕ್ಕ ಇಳದ್ರು. ಸಣ್ಣ ಕೇಸಿಗಿ ಪೊಲೀಸ್ರು ಹಿಡಿಯೋದೇ ಕಡಿಮಿ ಮಾಡಿದ್ರು. ಇದೆಲ್ಲಾ ಯಾಕ ಹೇಳ್ದೆ ಅಂದ್ರ, ಡಿಸೆಂಬರ್ 31ಕ್ಕ ಎಣಸೋದು ಕೆರಿಯಾಗ ನಿಂತ ನೀರು ನೋಡಿದಂಗ, ಹರದು ಹೋಗೋದು ಕಾಣಂಗಿಲ್ಲ. ಇಲ್ಲಿ 2022ದಾಗ ಒಂದು ದಿನ ಎಣಿಸಿದ್ರ ಕೌಂಟಿ ಜೈಲಿನಾಗ ಆರೂವರೆ ಲಕ್ಷದ ಮ್ಯಾಲ, ಆದ್ರ ವರ್ಷ ತುಂಬಾ ಒಳಗ ಬಂದಿದ್ದು 73 ಲಕ್ಷ ಸಲ.

ಯಾದಗಿರಿ_ಕೆಪಿಎಸ್‌ಸಿ:
ಅಣ್ಣಾ ನಮ್ಮಲ್ಲೂ ಹಂಗೇ, 2021ದಾಗ ವರ್ಷ ತುಂಬಾ ಒಳಗ ಬಂದವ್ರು 18 ಲಕ್ಷದ ಮ್ಯಾಲ. ನಿಮ್ಮ ತಮ್ಮನಂಥವ್ರು ಪರಸಿಕಲ್ಲು ಅಣ್ಣಾ, ಡಿಸೆಂಬರ್ 31ಕ್ಕ ಒಳಗ ಇರಲಿಲ್ಲಂದ್ರ ಆ 5.73 ಲಕ್ಷದ ಲೆಕ್ಕದಾಗ ಬರೋದೇ ಇಲ್ಲ.

ಪರಸಿಕಲ್ಲು_ಚಿತ್ತಾಪುರ:
53 ದಿನ ಕುಂತು ಲೆಕ್ಕಕ್ಕೂ ಬರಲಿಲ್ಲ ನನ್ನ ತಮ್ಮ 😐

ಜಯನಗರ_4ನೇ_ಬ್ಲಾಕ್:
ಓಕೆ, ಕಟ್ಟೋದು ಪರಿಹಾರ ಅಲ್ಲ ಅಂತ ಒಪ್ಕೊಂಡೆ. ಆದ್ರೆ ಅಮೆರಿಕದಲ್ಲಿ ಪ್ರೊಬೇಷನ್ ಅಂತ ಇದ್ಯಲ್ಲ, ಜೈಲಿಗೆ ಹಾಕ್ದೆ ಹೊರಗಡೆನೇ ನಿಗಾ ಇಡೋದು, ಅದು ನಮ್ಮಲ್ಲಿ ಯಾಕಿಲ್ಲ?

ಕರಿಕೋಟು_ಕಲಬುರಗಿ:
ಇಲ್ಲ ಅಂತ ಯಾರ್ ಹೇಳಿದ್ರು ಸರ? 1958ರಿಂದ ಕಾನೂನದ, ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಸಣ್ಣ ಕಳ್ಳತನದಂಥದ್ದಾದ್ರ ಎಚ್ಚರಿಕೆ ಕೊಟ್ಟು ಬಿಡಬಹುದು, ಮರಣದಂಡನೆ ಜೀವಾವಧಿ ಬಿಟ್ಟು ಬಾಕಿ ಅಪರಾಧಕ್ಕ ಸನ್ನಡತೆ ಬಾಂಡ್ ಮ್ಯಾಲ ಬಿಡಬಹುದು. 21 ವರ್ಷದೊಳಗಿನವ್ನನ್ನ ಜೈಲಿಗಿ ಕಳಸೋದಾದ್ರ ಯಾಕ ಕಳಸ್ಲಕತ್ತೀವಿ ಅಂತ ಜಡ್ಜ್ ಕಾರಣ ಬರೀಬೇಕು. ಪುಸ್ತಕದಾಗ ಅದ. ನಾ ವಕೀಲಿಗಿ ಬಂದು ಹತ್ತೊಂಬತ್ತು ವರ್ಷ, ಕೈಯಾಗ ಹಿಡದು ಎಣಿಸೋ ಅಷ್ಟು ಸಲ ನೋಡೀನಿ. ಯಾಕಂದ್ರ ಅದು ತಪ್ಪಿತಸ್ಥ ಅಂತ ತೀರ್ಪು ಬಂದ ಮ್ಯಾಲಿನ ಮಾತು. ನಮ್ಮ ಸಂಕಟ ತೀರ್ಪಿನ ಮೊದಲಿಂದು. ನಾಕು ವರ್ಷ ತಾರೀಖು ತಿರುಗಿ, ಅದರಾಗ ಒಂದು ವರ್ಷ ಒಳಗ ಇದ್ದು ಬಂದವ್ನಿಗಿ ಕಡೀಗಿ ಪ್ರೊಬೇಷನ್ ಕೊಟ್ರ ಏನ್ ಸಿಕ್ಕಂಗಾಯ್ತು? ಈಗ ಹೊಸ ಬಿಎನ್‌ಎಸ್‌ನಾಗ, ಅಂದ್ರ ಐಪಿಸಿ ಬದಲಿಗಿ ಬಂದ ಕಾನೂನಿನಾಗ, ಸಮುದಾಯ ಸೇವೆ ಅಂತ ಶಿಕ್ಷೆ ತಂದಾರ, 5,000 ರೂಪಾಯಿ ಒಳಗಿನ ಮೊದಲ ಕಳ್ಳತನ, ಕುಡದು ರಸ್ತ್ಯಾಗ ಗದ್ದಲ ಮಾಡೋದು, ಇಂಥವಕ್ಕ. ನೋಡೋಣು.

ಚಿಕಾಗೋ_ಆಳಂದ:
ಪ್ರೊಬೇಷನ್ ಅಂದ್ರ ಸ್ವರ್ಗ ಅಂತ ತಿಳ್ಕೋಬ್ಯಾಡ್ರಿ. 2007ದಾಗ ಇಲ್ಲಿ ಪ್ರಿಸನ್, ಜೈಲ್, ಪ್ರೊಬೇಷನ್, ಪೆರೋಲ್ ಎಲ್ಲಾ ಸೇರಿ 73 ಲಕ್ಷ ಮಂದಿ ಇದ್ರು, ಅದರಾಗ 43 ಲಕ್ಷದ ಹತ್ರ ಬರೀ ಪ್ರೊಬೇಷನ್. 2022ಕ್ಕ ಪ್ರೊಬೇಷನ್‌ನವ್ರು 30 ಲಕ್ಷಕ್ಕ ಇಳದ್ರು. ಅವರಿಗಿ ತಿಂಗಳಾ ಆಫೀಸರ್ ಮುಂದ ಹಾಜರಿ, ಎಷ್ಟೋ ಕಡೆ ತಿಂಗಳಾ ಫೀಸ್, ಮೂತ್ರದ ಟೆಸ್ಟ್, ಊರು ಬಿಡಬೇಕಾದ್ರ ಪರ್ಮಿಶನ್. ನನ್ನ ಸಂಗಡ ಗೋದಾಮಿನಾಗ ಕೆಲಸ ಮಾಡ್ತಿದ್ದ ಒಬ್ಬ ಬಸ್ ತಪ್ಪಿ ಎರಡು ಸಲ ಹಾಜರಿ ತಪ್ಪಿಸ್ಕೊಂಡ, ಹೊಸ ಅಪರಾಧ ಏನೂ ಇಲ್ಲ, ಮತ್ತ ಒಳಗ ಹಾಕಿದ್ರು. ಕೆಲಸಾನೂ ಹೋಯ್ತು.

ಬೇಲ್ ವಿಷಯದಾಗ ಮಾತ್ರ ನಮ್ಮ ಇಲಿನಾಯ್ ಒಂದು ಛಲೋ ಕೆಲಸ ಮಾಡ್ಯದ. ಇಲ್ಲಿ ಬೇಲ್ ಅಂದ್ರ ರೊಕ್ಕ ಕಟ್ಟೋದಿತ್ತು, ಇದ್ದವ ಅವತ್ತೇ ಹೊರಗ, ಇಲ್ಲದವ ಒಳಗ. ಸೆಪ್ಟೆಂಬರ್ 2023ದಾಗ ಅದನ್ನ ಪೂರಾ ತಗದೇ ಬಿಟ್ರು. ಅವ ಮಂದಿಗಿ ಅಪಾಯನೋ, ಓಡಿ ಹೋಗ್ತಾನೋ, ಅಷ್ಟೇ ನೋಡ್ತಾರ ಜಡ್ಜ್.

ಕಿರಾಣಿ_ಅಂಗಡಿ_ಗಂಜ್:
ನಮ್ಮಲ್ಲಿ ಹಂಗ ಮಾಡಿದ್ರ ಒಬ್ಬನೂ ತಾರೀಖಿಗಿ ಬರಂಗಿಲ್ಲ, ಬರದಿಟ್ಕೊಳ್ರಿ.

ಕರಿಕೋಟು_ಕಲಬುರಗಿ:
ಸೇಠರ, ಬಾಡಿಗಿ ಜಾಮೀನುದಾರನ್ನ ತಂದು ಹೊರಗ ಬಂದವ ತಾರೀಖಿಗಿ ಬರ್ತಾನಂತೀರನು? ನಿಮ್ಮ ಗಲ್ಲಾ ಹೊಡದವ್ನಿಗಿ ನಾಕೇ ದಿನಕ್ಕ ಜಾಮೀನು ನಿಂತವ ಯಾರು, ಒಮ್ಮಿ ನಕಲು ತಗಸಿ ನೋಡ್ರಿ. ಆ ಹೆಸರು ಇನ್ನಾ ಹತ್ತು ಕೇಸಿನಾಗ ಸಿಕ್ರ ನನಗ ಆಶ್ಚರ್ಯ ಇಲ್ಲ. ಖರೇ ಹೊಲ ಇದ್ದವ ಹೆದರಿ ಬರಂಗಿಲ್ಲ, ಸುಳ್ಳು ಪಹಣಿ ಇದ್ದವ ಕೋಟ್ ಹಾಕ್ಕೊಂಡು ಬರ್ತಾನ.

ಪರಸಿಕಲ್ಲು ಅಣ್ಣಾರ ಕಥಿ ಓದಿ ನನಗ 1978ರ ಮೋತಿರಾಮ್ ಕೇಸ್ ನೆನಪಾಯ್ತು, ಮಧ್ಯಪ್ರದೇಶದ್ದು. ಅವ ಗೌಂಡಿ ಕೆಲಸದವ. ಸುಪ್ರೀಂ ಕೋರ್ಟೇ ಬೇಲ್ ಕೊಟ್ರೂ ಕೆಳಗಿನ ಕೋರ್ಟಿನಾಗ 10,000 ರೂಪಾಯಿ ಜಾಮೀನು ಕೇಳಿದ್ರು, ಆ ಕಾಲದ ಹತ್ತು ಸಾವಿರ. ಅವನ ಅಣ್ಣತಮ್ಮರಾಗ ಒಬ್ಬ ನಿಲ್ತೀನಿ ಅಂತ ಬಂದ್ರ ನಿನ್ನ ಆಸ್ತಿ ಬ್ಯಾರೆ ಜಿಲ್ಲಾದಾಗ ಅದ, ನಡಿಯಂಗಿಲ್ಲ ಅಂದ್ರು. ಮತ್ತ ಸುಪ್ರೀಂ ಕೋರ್ಟಿಗೇ ಹೋದ. ಜಸ್ಟಿಸ್ ಕೃಷ್ಣ ಅಯ್ಯರ್ ಬೈದು ಬರದ್ರು, ಬ್ಯಾರೆ ಜಿಲ್ಲಾದವ ಅಂತ ಜಾಮೀನುದಾರನ್ನ ತಿರಸ್ಕರಿಸಬಾರದು, ಬಡವನಿಗಿ ಅವನ ಕೈಲಾಗೋ ಷರತ್ತು ಹಾಕ್ರಿ ಅಂತ, 1,000 ರೂಪಾಯಿ ಸ್ವಂತ ಬಾಂಡ್ ಮ್ಯಾಲ ಬಿಟ್ರು. ಮರು ವರ್ಷ 1979ದಾಗ ಬಿಹಾರದ ಹುಸೇನಾರಾ ಖಾತೂನ್ ಕೇಸ್, ಶಿಕ್ಷೆ ಆಗಿದ್ರ ಎಷ್ಟು ಕೊಡ್ತಿದ್ರೋ ಅದಕ್ಕಿಂತ ಹೆಚ್ಚು ವರ್ಷ ಬರೀ ವಿಚಾರಣೆಗಿ ಕಾದು ಕುಂತವ್ರು ಸಿಕ್ರು. 2014ದಾಗ ಅರ್ನೇಶ್ ಕುಮಾರ್ ತೀರ್ಪು, ಏಳು ವರ್ಷದೊಳಗಿನ ಕೇಸಿಗಿ ಸುಮ್ನ ಸುಮ್ನ ಅರೆಸ್ಟ್ ಮಾಡಬ್ಯಾಡ್ರಿ ಅಂತ. ಇಷ್ಟೆಲ್ಲಾ ಆದ ಮ್ಯಾಲೂ ನಾವು ಪಹಣಿ ಪಹಣಿ ಅಂತೀವಿ. ನಮ್ಮ ಕಡೆ ವಕೀಲರದೂ ತಪ್ಪದ, ಷರತ್ತು ಸಡಿಲ ಮಾಡ್ರಿ ಅಂತ ಅರ್ಜಿ ಹಾಕೋದು ಬಿಟ್ಟು ಜಾಮೀನುದಾರನ್ನ ಹುಡುಕ್ಕೊಂಡು ಬಾ ಅಂತ ಮನಿಯವ್ರನ್ನ ಕಳಸ್ತೀವಿ. ನಾನೂ ಕಳಸೀನಿ.

ಹೈಕೋರ್ಟಿಂದು ಹೇಳಬೇಕಂದ್ರ 2008ಕ್ಕಿಂತ ಮೊದಲು ಬೇಲ್ ಅರ್ಜಿಗಿ ಬೆಂಗಳೂರಿಗೇ ರಾತ್ರಿ ಟ್ರೇನ್ ಹಿಡೀಬೇಕಿತ್ತು. ಈಗ ಕಲಬುರಗ್ಯಾಗೇ ಪೀಠ ಅದ, ಆ ಒಂದು ಖರ್ಚು ಉಳೀತು.

ಬೀದರ_ಅಕ್ಕ_ಪಿಎಲ್‌ವಿ:
ನಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್, ಜೈಲಿಗಿ ಹೋಗಿ ಪಟ್ಟಿ ಮಾಡೋ ಕೆಲಸಾನೇ ನಂದು. ವಕೀಲ ಸರ್ ಹೇಳಿದ್ದಕ್ಕ ನಾಕು ಮಾತು ಸೇರಸ್ತೀನಿ, ಮುಂದ ಯಾರಿಗಾದ್ರೂ ಬೇಕಾಗ್ತದ.

ಬೇಲ್ ಆದ ಮ್ಯಾಲೂ ಏಳು ದಿನಕ್ಕ ಬಿಡುಗಡೆ ಆಗಲಿಲ್ಲಂದ್ರ ಜೈಲ್ ಸೂಪರಿಂಟೆಂಡೆಂಟರು ನಮ್ಮ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗಿ ತಿಳಸಬೇಕು, ಇದು ಸುಪ್ರೀಂ ಕೋರ್ಟಿನ ಜನವರಿ 2023ರ ಆದೇಶ. ತಿಂಗಳಾದ್ರೂ ಜಾಮೀನು ಕೊಡಲಿಲ್ಲಂದ್ರ ಕೋರ್ಟ್ ತಾನಾಗೇ ಷರತ್ತು ಬದಲಿಸೋದು ನೋಡಬಹುದು. ಅದೇ ವರ್ಷ ಕೇಂದ್ರದ ಬಡ ಕೈದಿಗಳ ಯೋಜನಾ ಬಂತು, ಆಗ ವಿಚಾರಣಾಧೀನನಿಗಿ ಬೇಲ್ ಸಲುವಾಗಿ 40,000 ತನಕ, ದಂಡ ಕಟ್ಟಲಾಗದೇ ಕುಂತವ್ನಿಗಿ 25,000 ತನಕ ಅಂತ ಇಟ್ಟಿದ್ರು. ಆದ್ರ ಇಲ್ಲೇ ಸಿಕ್ಕಿ ಹಾಕ್ಕೊಳ್ಳೋದು: ಆ ರೊಕ್ಕ ಕೋರ್ಟಿನಾಗ ಇಡ್ಲಾಕ ಬರ್ತದ, ಪಹಣಿ ಇದ್ದ ಮನುಷ್ಯಾನ ಕೇಳಿದ್ರ ರೊಕ್ಕ ಏನ್ ಮಾಡ್ತದ? ಮೊದಲು ನಗದು ಭದ್ರತೆ ನಡೀತದ ಅಂತ ಆರ್ಡರ್ ಬದಲಿ ಮಾಡಸ್ಕೋಬೇಕು.

ಇನ್ನೊಂದು 479ನೇ ಕಲಂ. ಹೊಸ ಬಿಎನ್‌ಎಸ್‌ಎಸ್‌ನಾಗ, ಅಂದ್ರ ಸಿಆರ್‌ಪಿಸಿ ಬದಲಿಗಿ ಬಂದ ಕಾನೂನಿನಾಗ, ಹಿಂದ ಯಾವ ಕೇಸಿನಾಗೂ ಶಿಕ್ಷೆ ಆಗದವ ಗರಿಷ್ಠ ಶಿಕ್ಷೆಯ ಮೂರರಾಗ ಒಂದು ಪಾಲು ಒಳಗ ಕಳದ್ರ ಬಿಡಬೇಕು, ಬಾಕಿಯವ್ರಿಗಿ ಅರ್ಧ. ಮೊದಲು ಎಲ್ಲಾರಿಗೂ ಅರ್ಧ ಇತ್ತು. ಆಗಸ್ಟ್ 2024ದಾಗ ಸುಪ್ರೀಂ ಕೋರ್ಟ್ ಹಳೆ ಕೇಸಿನವ್ರಿಗೂ ಇದು ಹತ್ತತದ ಅಂತ ಹೇಳ್ಯದ. ಜೀವಾವಧಿ, ಮರಣದಂಡನೆ ಇರೋ ಕೇಸಿಗಿ ಇಲ್ಲ, ಒಂದಕ್ಕಿಂತ ಹೆಚ್ಚು ಕೇಸ್ ಇದ್ರೂ ಇಲ್ಲ. ಅಲ್ಲೇ ಭಾಳ ಮಂದಿ ಬಿದ್ದು ಹೋಗ್ತಾರ. ಒಂದು ಜಗಳದಾಗ ಎರಡು ಎಫ್‌ಐಆರ್ ಆಗಿದ್ರೂ ಆಯ್ತು.

ಯಾದಗಿರಿ_ಕೆಪಿಎಸ್‌ಸಿ:
ಅಕ್ಕಾ, ಅದಕ್ಕೇ ಇರಬಹುದೋ ಏನೋ, 2023ರ ಲೆಕ್ಕದಾಗ ಸಂಖ್ಯಾ ಇಳದದ. ಒಟ್ಟು 5.30 ಲಕ್ಷ, ವಿಚಾರಣಾಧೀನರು 3.90 ಲಕ್ಷ. 100ರ ಜಾಗಕ್ಕ 131 ಇದ್ದಿದ್ದು 121ರ ಹತ್ರ ಬಂದದ.

ಬೀದರ_ಅಕ್ಕ_ಪಿಎಲ್‌ವಿ:
479 ಜಾರಿಗಿ ಬಂದದ್ದೇ ಜುಲೈ 2024ಕ್ಕ ತಮ್ಮಾ, 2023ರ ಇಳಿತಕ್ಕ ಅದನ್ನ ಕಟ್ಟಬ್ಯಾಡ. ಪರೀಕ್ಷೆದಾಗ ಹಂಗ ಬರದ್ರ ಮಾರ್ಕ್ಸ್ ಹೋಗ್ತಾವ. ಕೊರೋನಾದಾಗ ನಿಂತಿದ್ದ ಕೋರ್ಟ್ ಮತ್ತ ನಡದಿದ್ದಕ್ಕ ಇರಬಹುದು ಅಂತ ನನ್ನ ಅಂದಾಜು. ಮತ್ತ ನೆನಪಿಡು, ಇಳದ ಮ್ಯಾಲೂ ನಾಕರಾಗ ಮೂರು ಮಂದಿ ಕಾಯೋರೇ.

ನಿವೃತ್ತ_ಖಾಕಿ:
ಅಕ್ಕೋರ ಪಟ್ಟಿ ಮಾಡ್ತಾರ ಅಂತ ಕೇಳಿ ಖುಷಿ ಆಯ್ತು. ನಮ್ಮ ಕಾಲದಾಗ ಬೇಲ್ ಆಗಿ ಮೂರು ತಿಂಗಳಾದವ ಕುಂತಾನ ಅಂತ ನಮಗೇ ಗೊತ್ತಿರ್ತಿರಲಿಲ್ಲ. ಅವನಿಗೂ ಗೊತ್ತಿರ್ತಿರಲಿಲ್ಲ. ಒಬ್ಬ ಕುರಿ ಕಾಯೋ ಮುದುಕ ಇದ್ದ, ಅವನ ಬೇಲ್ ಆರ್ಡರ್ ಫೈಲಿನಾಗೇ ಮಡಚಿಟ್ಟಿತ್ತು, ಅವ ದಿನಾ ಬೆಳಿಗ್ಗಿ ನನಗ ಸಾಹೇಬ್ರ ನನ್ನ ಹೆಸರು ಬಂತೇನ್ರಿ ಅಂತ ಕೇಳ್ತಿದ್ದ, ನಾ ಇಲ್ಲ ಅಂತಿದ್ದೆ.

ಪರಸಿಕಲ್ಲು_ಚಿತ್ತಾಪುರ:
ಎಲ್ಲಾರಿಗೂ ಭಾಳ ಉಪಕಾರ ಆಯ್ತ್ರಿ. ಏಳು ದಿನದ ಆ ಮಾತು ಮೊದಲೇ ಗೊತ್ತಿದ್ರ ಅಕ್ಕಾ ನಿಮ್ಮಂಥವ್ರ ಹತ್ರಾನೇ ಬರ್ತಿದ್ವಿ. ಈಗ ತಮ್ಮ ಹೊರಗ ಅದಾನ, ಆದ್ರ ಪಾಲಿಶ್ ಮಷಿನ್ ಮ್ಯಾಲ ಬ್ಯಾರೆಯವ್ನನ್ನ ಇಟ್ಕೊಂಡಾರ, ಇವ ಹಮಾಲಿಗಿ ಹೋಗ್ತಾನ. ಬರೋ 18ಕ್ಕ ತಾರೀಖು ಅದ.

ಅಕ್ಕಾ ಒಂದು ಕೇಳೋದದ. ಆ ಪಹಣಿ ನಮ್ಮ ದೊಡ್ಡಪ್ಪನ ಹೆಸರಿಗಿ ಮಾಡಸ್ಬೇಕಂತ ಮಾಡೀವಿ, ಮತ್ತೊಮ್ಮಿ ಯಾರ ಕಾಲೂ ಹಿಡಿಯೋದು ಬ್ಯಾಡ ಅಂತ.

ಬೀದರ_ಅಕ್ಕ_ಪಿಎಲ್‌ವಿ:
ಪೌತಿ ಖಾತಾ ಮಾಡಸ್ರಿ. ವಂಶವೃಕ್ಷ ಬೇಕು, ಮುತ್ಯಾನ ಮರಣ ಪ್ರಮಾಣಪತ್ರ ಬೇಕು, ಎಲ್ಲಾ ವಾರಸುದಾರರ ಆಧಾರ ಬೇಕು. ನಾಡಕಚೇರಿಗಿ ಹೋಗಿ ಕೇಳ್ರಿ.

ಪರಸಿಕಲ್ಲು_ಚಿತ್ತಾಪುರ:
ಮುತ್ಯಾ ಹೋಗಿದ್ದು 1987ದಾಗ, ಹೊಲದಾಗೇ. ಪ್ರಮಾಣಪತ್ರ ಯಾರೂ ಮಾಡ್ಸೇ ಇಲ್ಲ.

ಕಿರಾಣಿ_ಅಂಗಡಿ_ಗಂಜ್:
ನಮ್ಮ ಅಪ್ಪಂದೂ ಹಿಂಗೇ ಇತ್ತು, ಆರು ತಿಂಗಳು ತಿರುಗಿ ಮಾಡಸ್ಕೊಂಡೀನಿ. ಇನ್‌ಬಾಕ್ಸಿಗಿ ಬರ್ರಿ, ಯಾವ್ಯಾವ ಕಾಗದ ಕೊಟ್ಟೀನಿ ಫೋಟೋ ಕಳಸ್ತೀನಿ. ಮತ್ತ ಮುಂದ ಜಾಮೀನು ಬೇಕಾದ್ರ ನನ್ನ ಕೇಳಬ್ಯಾಡ್ರಿ, ಈಗ್ಲೇ ಹೇಳ್ತೀನಿ.